ಅಳತೆಯೂ ತೂಕವೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸೀಮೆಯಲ್ಲಿ ರಾಗಿಯೇ ಮುಖ್ಯ ಬೆಳೆ. ಹಿಂದೆ ಸುಗ್ಗಿಯ ಕಾಲದಲ್ಲಿ ಕಣದ ರಾಶಿಯನ್ನು ಯಾರೂ ತೂಗುತ್ತಿರಲಿಲ್ಲ, ಕೊಳಗದಿಂದ ಅಳೆಯುತ್ತಿದ್ದರು. ಮೊದಲನೆಯ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆಯನ್ನು ಆರಂಭಿಸುವುದು ರೂಢಿಯಾಗಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಮನೆಯೊಳಗಾದರೋ ಸೇರು, ಪಾವು, ಚಟಾಕುಗಳು. ನಾಲ್ಕು ಪಾವು ಕೂಡಿದರೆ ಒಂದು ಸೇರು. ಇವೆಲ್ಲವೂ ಪಾತ್ರೆಗಳು. ವಸ್ತುವು ಎಷ್ಟು ಸ್ಥಳವನ್ನು ಆಕ್ರಮಿಸುತ್ತದೆ, ಎಂದರೆ ಅದರ ಗಾತ್ರವೆಷ್ಟು ಎಂಬುದನ್ನಷ್ಟೇ ಅವು ತಿಳಿಸುತ್ತವೆ.

ತೊಡಕು ಹುಟ್ಟಿದ್ದು ಸೇರು ಎಂಬ ಹೆಸರಿನಿಂದ. ಅಂಗಡಿಯ ತಕ್ಕಡಿಯಲ್ಲಿಯೂ ಸೇರು ಇತ್ತು. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲದ್ದು, ಸುಮಾರು 280 ಗ್ರಾಂ. 1939ರ ಕಾನೂನು ಬ್ರಿಟಿಷ್ ಇಂಡಿಯಾಕ್ಕೆ ಗೊತ್ತುಪಡಿಸಿದ ಸೇರು 80 ತೊಲದ್ದು, ಸುಮಾರು 933 ಗ್ರಾಂ. ಒಂದೇ ಮಾತಿಗೆ ಇಷ್ಟು ಅರ್ಥಗಳಿದ್ದಾಗ ಮೋಸಹೋಗುತ್ತಿದ್ದವನು ಸಾಮಾನ್ಯವಾಗಿ ಮಾರುವವನಲ್ಲ, ಕೊಳ್ಳುವವನು. 1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಬಳಕೆಗೆ ಬರತೊಡಗಿತು.

ಈ ಹೊಸ ಪದ್ಧತಿಯಲ್ಲಿ ಗಾತ್ರಕ್ಕೂ ತೂಕಕ್ಕೂ ನಂಟು ಬೆಸೆದದ್ದು ನೀರು. 1795ರಲ್ಲಿ ಫ್ರಾನ್ಸ್ ದೇಶದವರು ಒಂದು ಘನ ಸೆಂಟಿಮೀಟರ್ ನೀರಿನ ತೂಕವನ್ನೇ ಒಂದು ಗ್ರಾಂ ಎಂದು ಗೊತ್ತುಮಾಡಿದರು. ಆದುದರಿಂದ ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುತ್ತದೆ. 2019ರಿಂದ ಕಿಲೋಗ್ರಾಮಿನ ವ್ಯಾಖ್ಯೆ ಬೇರೆಯಾಗಿದ್ದರೂ ಅಡುಗೆಮನೆಯ ಲೆಕ್ಕಕ್ಕೆ ಇದು ಸಾಕು. ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಾಂದ್ರತೆ ಅತ್ಯಧಿಕ. ಬೇಸಗೆಯ ಮೂವತ್ತು ಡಿಗ್ರಿಯಲ್ಲಿ ಲೀಟರು ನೀರು ನಾಲ್ಕೈದು ಗ್ರಾಮಿನಷ್ಟು ಹಗುರವಾಗುತ್ತದೆ, ಅಷ್ಟೆ.

ನೀರಿನ ನಿಯಮವನ್ನು ಇತರ ವಸ್ತುಗಳಿಗೆ ಹೊಂದಿಸುವುದೇ ತಪ್ಪು. ಒಂದು ಲೀಟರ್ ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ ಮಾತ್ರ ತೂಗುತ್ತದೆ. ಲೀಟರನ್ನು ಕಿಲೋ ಎಂದೆಣಿಸಿ ಹಣ ತೆತ್ತವನಿಗೆ ತೊಂಬತ್ತು ಗ್ರಾಂ ನಷ್ಟ. ಹಾಲಿನಲ್ಲಿ ಇದಕ್ಕೆ ವಿರುದ್ಧ. ನೂರು ಲೀಟರ್ ಹಾಲು ಸುಮಾರು 103 ಕಿಲೋ ತೂಗುತ್ತದೆ. ಹಳ್ಳಿಯಲ್ಲಿ ಲೀಟರಿನಿಂದ ಅಳೆದು, ಡೇರಿಯಲ್ಲಿ ಕಿಲೋದಿಂದ ತೂಗುವುದಾದರೆ ಆ ಮೂರು ಕಿಲೋ ಯಾರ ಲೆಕ್ಕಕ್ಕೆ ಸೇರಿತೆಂಬುದನ್ನು ರೈತನು ವಿಚಾರಿಸಲೇಬೇಕು.

ಹಿಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಕಣಗಳ ನಡುವೆ ಗಾಳಿ ಇರುವುದರಿಂದ ಸಡಿಲವಾಗಿ ತುಂಬಿದ ಒಂದು ಲೀಟರ್ ರಾಗಿಹಿಟ್ಟು ಸುಮಾರು 650 ಗ್ರಾಂ ತೂಗೀತು. ಕುಟ್ಟಿ ತುಂಬಿದರೆ ಹೆಚ್ಚು. ಮುದ್ದೆಗೆ ಪಾವು ಹಿಟ್ಟಿಗೆ ಎರಡು ಪಾವು ನೀರೆಂಬುದು ಅನೇಕ ಮನೆಗಳ ವಾಡಿಕೆ. ಇದನ್ನು ಕೇಳಿದವರೊಬ್ಬರು ಒಂದು ಕಿಲೋ ಹಿಟ್ಟಿಗೆ ಎರಡು ಲೀಟರ್ ನೀರಿಟ್ಟರೆ ಮುದ್ದೆ ಗಟ್ಟಿಯಾಗಿ ಗಂಟುಕಟ್ಟುವುದು. ಕಿಲೋ ಹಿಟ್ಟಿನ ಗಾತ್ರ ಒಂದೂವರೆ ಲೀಟರ್. ಅದಕ್ಕೆ ಬೇಕಾದ ನೀರು ಮೂರು ಲೀಟರ್.

ಮನೆಯ ಹಳೆಯ ಪಾವು ಎಷ್ಟು ಹಿಡಿಯುತ್ತದೆಂಬುದನ್ನು ತಿಳಿಯುವುದು ಸುಲಭ. ಬರಿಯ ಪಾವನ್ನು ಮೊದಲು ತೂಗಬೇಕು. ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಬೇಕು. ಹೆಚ್ಚಿದ ಗ್ರಾಮುಗಳೆಷ್ಟೋ ಅದರ ಗಾತ್ರ ಅಷ್ಟು ಮಿಲಿಲೀಟರ್.