ಡೆಡ್‌ಲೈನ್ ಮೊದಲು ನೆಲದ ಮೇಲಿತ್ತು!

‘ಸಂಜೆ ಐದಕ್ಕೆ ಡೆಡ್‌ಲೈನ್’ ಅಂದರೆ ನಮ್ಮ ಕಣ್ಣು ಗಡಿಯಾರದತ್ತ ಓಡುತ್ತದೆ. 1864ರಲ್ಲಿ ಈ ಮಾತು ಕೇಳಿದವರ ಕಣ್ಣು ಓಡುತ್ತಿದ್ದದ್ದು ಕಾಲ ಬುಡಕ್ಕೆ! ಆಗ ಅದು ನಿಜವಾದ ಗೆರೆ. ದಾಟಿದರೆ ಗುಂಡು.

ಅಮೆರಿಕದ ಅಂತರ್ಯುದ್ಧದ ಕಾಲ. ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್‌ನಲ್ಲಿ ದಕ್ಷಿಣದವರು ಪೈನ್ ಮರದ ದಿಮ್ಮಿಗಳನ್ನು ಸಾಲಾಗಿ ನೆಟ್ಟು, ಸೆರೆಸಿಕ್ಕ ಉತ್ತರದ ಸೈನಿಕರನ್ನು ಆ ಸೂರಿಲ್ಲದ ಬಯಲಿನಲ್ಲಿ ಕೂಡಿಹಾಕಿದರು. 10,000 ಜನಕ್ಕೆಂದು ಮಾಡಿದ ಜಾಗದಲ್ಲಿ ಆ ಆಗಸ್ಟ್ ಹೊತ್ತಿಗೆ 30,000ಕ್ಕೂ ಹೆಚ್ಚು ಮಂದಿ. ಗೋಡೆಯಿಂದ ಸುಮಾರು 20 ಅಡಿ ಒಳಗೆ ಗಿಡ್ಡ ಗೂಟಗಳು, ಅವುಗಳ ಮೇಲೆ ಮೊಳೆ ಹೊಡೆದ ಮರದ ಪಟ್ಟಿ. ಅದೇ ‘ಡೆಡ್ ಲೈನ್’. ಅದನ್ನು ದಾಟಿದವನಿಗೆ ಅಟ್ಟಣೆಯ ಮೇಲಿನ ಕಾವಲುಗಾರ ಗುಂಡು ಹಾರಿಸಬಹುದಿತ್ತು.

ಮೈ ಜುಮ್ಮೆನ್ನಿಸುವ ಸಂಗತಿ ಇನ್ನೂ ಮುಂದಿದೆ. ಯುದ್ಧ ಮುಗಿದ ಮೇಲೆ, 1865ರಲ್ಲಿ, ಸೆರೆಮನೆಯ ಅಧಿಕಾರಿ ಹೆನ್ರಿ ವಿರ್ಜ್ ಮೇಲೆ ವಾಷಿಂಗ್ಟನ್‌ನಲ್ಲಿ ವಿಚಾರಣೆ ನಡೆಯಿತು. ಆರೋಪಪಟ್ಟಿ ಈ ಗೆರೆಯನ್ನು ವರ್ಣಿಸುವುದನ್ನು ನೋಡಬೇಕು: ಕೆಲವೆಡೆ ಅಲುಗಾಡುವ ಗೂಟ, ಜಾರುವ ಪಟ್ಟಿ, ಎಷ್ಟೋ ಕಡೆ ಏನೂ ಇಲ್ಲ, ಬರೀ ಊಹೆಯ ಗೆರೆ! ಕಾಣದ ಗೆರೆಯನ್ನು ದಾಟದಂತೆ ಹೆಜ್ಜೆ ಇಡುವುದಾದರೂ ಹೇಗೆ? ಅಲ್ಲಿ ಸತ್ತ ಸುಮಾರು 13,000 ಜನರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ಭೇದಿ, ಸ್ಕರ್ವಿ, ಹಸಿವು. ಆದರೂ ಇಂಗ್ಲಿಷಿನಲ್ಲಿ ಉಳಿದದ್ದು ಈ ಗೆರೆಯ ಹೆಸರು. ಆ ನವೆಂಬರ್ 10ರಂದು ವಿರ್ಜ್‌ನನ್ನು ಗಲ್ಲಿಗೇರಿಸಿದರು.

ಪದಕ್ಕೆ ಮಾತ್ರ ಬಿಡುಗಡೆ ಸಿಕ್ಕಿತು, ಅದು ಊರೂರು ಸುತ್ತತೊಡಗಿತು! ಟೆಕ್ಸಸ್ ದನಗಳ ಜ್ವರ ತಮ್ಮ ರಾಸುಗಳಿಗೆ ಅಂಟೀತೆಂದು ಕಾನ್ಸಸ್‌ನವರು ಹಾಕಿದ ಗಡಿಗೂ ಡೆಡ್‌ಲೈನ್ ಎಂದೇ ಹೆಸರು. 1880ರಲ್ಲಿ ನ್ಯೂಯಾರ್ಕಿನ ಪತ್ತೇದಾರರ ಮುಖ್ಯಸ್ಥ ಥಾಮಸ್ ಬರ್ನ್ಸ್, ವಾಲ್ ಸ್ಟ್ರೀಟಿನ ತಿಜೋರಿಗಳನ್ನು ಕಾಯಲು ಫುಲ್ಟನ್ ಬೀದಿಯನ್ನೇ ಡೆಡ್‌ಲೈನ್ ಮಾಡಿಬಿಟ್ಟ. ಹೆಸರಾಂತ ಕಳ್ಳ ಅದರ ದಕ್ಷಿಣಕ್ಕೆ ಕಾಲಿಟ್ಟರೆ ಸಾಕು, ಹಿಡಿದು ಒಳಗೆ ಹಾಕುತ್ತಿದ್ದರು.

ಆಮೇಲೆ ಮುದ್ರಣಾಲಯ. ಅಚ್ಚಿನ ಯಂತ್ರದ ಹಾಸಿನ ಮೇಲೂ ಒಂದು ಡೆಡ್‌ಲೈನ್. ಅಚ್ಚುಮೊಳೆ ಅದರಾಚೆ ಹೋದರೆ ಅಕ್ಷರ ಸರಿಯಾಗಿ ಮೂಡದು. ಇಲ್ಲಿಯವರೆಗೂ ಎಲ್ಲವೂ ಜಾಗದ ಗೆರೆಗಳೇ, ಗಮನಿಸಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ಪದ ಪಲ್ಟಿ ಹೊಡೆಯಿತು: ನೆಲದಿಂದ ಗಡಿಯಾರಕ್ಕೆ! ಸುದ್ದಿ ಒಪ್ಪಿಸುವ ಕೊನೆಯ ಗಳಿಗೆ ಡೆಡ್‌ಲೈನ್ ಆಯಿತು. 1920ರಲ್ಲಿ ಪತ್ರಿಕಾಲೋಕದ ಕಥೆಯ ಮೂಕಿಚಿತ್ರವೊಂದು ತೆರೆಗೆ ಬಂತು. ಹೆಸರು ‘ಡೆಡ್‌ಲೈನ್ ಅಟ್ ಇಲೆವೆನ್’. ಪದ ಎಷ್ಟು ಹಗುರವಾಯಿತು! ಸೆರೆಮನೆಯಿಂದ ಚಿತ್ರಮಂದಿರಕ್ಕೆ ಬರಲು ಅರವತ್ತು ವರ್ಷವೂ ಬೇಕಾಗಲಿಲ್ಲ.

ಪದದ ಜೊತೆಗಾರ ಕ್ರಿಯಾಪದಗಳೂ ಬದಲಾದವು. ಆಂಡರ್ಸನ್‌ವಿಲ್‌ನಲ್ಲಿ ಡೆಡ್‌ಲೈನ್ ‘ಕ್ರಾಸ್’ ಆಗುತ್ತಿತ್ತು. ಇಂದಿನ ಇಂಗ್ಲಿಷ್ ಅದನ್ನು ‘ಮೀಟ್’ ಮಾಡುತ್ತದೆ, ‘ಮಿಸ್’ ಮಾಡುತ್ತದೆ, ಬೇಕಾದರೆ ‘ಎಕ್ಸ್‌ಟೆಂಡ್’ ಕೂಡ. ನಾವು? ‘ಡೆಡ್‌ಲೈನ್ ಮೀರಿತು’ ಅನ್ನುತ್ತೇವೆ. ಮೀರುವುದೆಂದರೆ ದಾಟುವುದೇ ತಾನೇ! ಇಂಗ್ಲಿಷ್ ಕೈಬಿಟ್ಟ ಆ ಗೆರೆ ದಾಟುವ ಕ್ರಿಯೆಯನ್ನು, ಯಾರೂ ಹೇಳಿಕೊಡದೆಯೇ, ಕನ್ನಡ ಪದಕ್ಕೆ ವಾಪಸ್ ಅಂಟಿಸಿಬಿಟ್ಟಿದೆ.