‘ಇದಕ್ಕಿಂತ ಹೆಚ್ಚು ಬಾರದು’ ಎಂದು ಹೇಗೆ ಗೊತ್ತು? ಹಾಳೆತಟ್ಟೆಯ ಲೆಕ್ಕದಿಂದ ಡ್ಯುಯಾಲಿಟಿಯವರೆಗೆ

ಬೋಧನಾಭ್ಯಾಸಕ್ಕೆಂದು ಅರಂತೋಡಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ ಹತ್ತನೇ ತರಗತಿಗೆ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಘಟಕವನ್ನು ಬೋಧಿಸಿದೆ. ಘಟಕ ಮುಗಿದ ಮೇಲೆ ಒಂದು ಅವಧಿ ಉಳಿಯಿತು. ನಕ್ಷೆಯಲ್ಲಿ ಎರಡು ರೇಖೆಗಳು ಸಂಧಿಸುವ ಬಿಂದುವಿನಿಂದ ಬದುಕಿಗೇನು ಉಪಯೋಗ ಎಂದು ತೋರಿಸಲು, ಮಕ್ಕಳಿಗೆ ಪರಿಚಿತವಾದ ಅಡಿಕೆ ಹಾಳೆಯನ್ನೇ ಆರಿಸಿಕೊಂಡು ಒಂದು ಲೆಕ್ಕ ರಚಿಸಿದೆ. ಅಂಕಿಗಳು ಪಾಠಕ್ಕಾಗಿ ಊಹಿಸಿಕೊಂಡವು.

ಲೆಕ್ಕ

ಒಂದು ಮನೆಯಲ್ಲಿ ಹಾಳೆತಟ್ಟೆ ಒತ್ತುವ ಯಂತ್ರವಿದೆ. ತಟ್ಟೆಯ ಒಂದು ಕಟ್ಟಿಗೆ 2 ಹೊರೆ ಹಾಳೆ, ಯಂತ್ರದ 1 ಗಂಟೆ ಬೇಕು. ಲಾಭ 50 ರೂಪಾಯಿ. ಬಟ್ಟಲಿನ ಒಂದು ಕಟ್ಟಿಗೆ 1 ಹೊರೆ ಹಾಳೆ, 2 ಗಂಟೆ ಬೇಕು. ಲಾಭ 40 ರೂಪಾಯಿ. ದಿನಕ್ಕೆ ಸಿಗುವುದು 10 ಹೊರೆ ಹಾಳೆ, 8 ಗಂಟೆ. ಅತಿ ಹೆಚ್ಚು ಲಾಭ ಎಷ್ಟು?

ತಟ್ಟೆಯ ಕಟ್ಟುಗಳನ್ನು ‘ತ’, ಬಟ್ಟಲಿನ ಕಟ್ಟುಗಳನ್ನು ‘ಬ’ ಎಂದು ಕರೆದರೆ:

ಹಾಳೆ: 2ತ + ಬ ≤ 10
ಗಂಟೆ: ತ + 2ಬ ≤ 8
ಲಾಭ: 50ತ + 40ಬ

ನಕ್ಷೆಯಲ್ಲಿ ನಾಲ್ಕು ಮೂಲೆಗಳ ಪ್ರದೇಶ ಸಿಗುತ್ತದೆ. ಮೂಲೆಗಳಲ್ಲಿ ಲಾಭ ಕ್ರಮವಾಗಿ 0, 250, 280, 160. ರೇಖೆಗಳು ಸಂಧಿಸುವ (4, 2) ಬಿಂದುವಿನಲ್ಲಿ 280. ದ್ವಿತೀಯ ಪಿಯುಸಿಯ ಲೀನಿಯರ್ ಪ್ರೋಗ್ರಾಮಿಂಗ್ ಅಧ್ಯಾಯದಲ್ಲಿ ಬರುವ ಮೂಲೆಬಿಂದು ವಿಧಾನ ಇದೇ.

ಸಿಕ್ಕಿಬಿದ್ದದ್ದು ನಾನು

“ಟೀಚರ್, ಒಳಗಡೆ ಎಲ್ಲಾದರೂ 281 ಸಿಗುವುದಿಲ್ಲ ಎಂದು ಹೇಗೆ ಗೊತ್ತು?” ಎಂದು ಒಬ್ಬಳು ಕೇಳಿದಳು. “ಮೂಲೆಯಲ್ಲೇ ಗರಿಷ್ಠ ಬರುತ್ತದೆ, ಅದು ನಿಯಮ” ಎಂದೆ. ಅವಳು ಸುಮ್ಮನಾದಳು, ಆದರೆ ಒಪ್ಪಿದಂತೆ ಕಾಣಲಿಲ್ಲ. ಪಾಠಯೋಜನೆಯಲ್ಲಿ ಉತ್ತರ ಕಂಡುಹಿಡಿಯುವ ಹೆಜ್ಜೆಗಳನ್ನು ಬರೆದಿದ್ದೆ. ಅದೇ ಗರಿಷ್ಠ ಎಂದು ಒಪ್ಪಿಸುವ ಹೆಜ್ಜೆಯನ್ನು ಬರೆದಿರಲಿಲ್ಲ.

ಮರುದಿನ ಮೂಲೆಗಳ ಮಾತೇ ಎತ್ತದೆ, ಅವರಿಗೆ ಗೊತ್ತಿರುವ ಎರಡೇ ಕೆಲಸ ಮಾಡಿಸಿದೆ: ಅಸಮತೆಯನ್ನು ಧನ ಸಂಖ್ಯೆಯಿಂದ ಗುಣಿಸುವುದು, ಎರಡನ್ನು ಕೂಡುವುದು.

ಮೊದಲ ಯತ್ನ: ಹಾಳೆಯ ಸಾಲನ್ನು 40ರಿಂದ ಗುಣಿಸಿದೆವು. 80ತ + 40ಬ ≤ 400. ಲಾಭವಾದ 50ತ + 40ಬ ಇದಕ್ಕಿಂತ ಹೆಚ್ಚಾಗದು. ಅಂದರೆ ಯಾರು ಹೇಗೆ ದುಡಿದರೂ ಲಾಭ 400 ದಾಟದು.

ಎರಡನೆಯದು: ಎರಡೂ ಸಾಲುಗಳನ್ನು ಕೂಡಿ 20ರಿಂದ ಗುಣಿಸಿದೆವು. 60ತ + 60ಬ ≤ 360. ಮಿತಿ 360ಕ್ಕೆ ಇಳಿಯಿತು.

ಮೂರನೆಯದು: ಹಾಳೆಯ ಸಾಲನ್ನು 20ರಿಂದ, ಗಂಟೆಯ ಸಾಲನ್ನು 10ರಿಂದ ಗುಣಿಸಿ ಕೂಡಿದೆವು. 50ತ + 40ಬ ≤ 280.

ಎಡಬದಿಯಲ್ಲಿ ನಿಂತಿರುವುದು ಲಾಭವೇ. ಇನ್ನು 281ರ ಮಾತೇ ಇಲ್ಲ. ಪ್ರಶ್ನೆ ಕೇಳಿದವಳು ತಾನೇ ಎದ್ದು ಬಂದು ಆ ಸಾಲಿನ ಕೆಳಗೆ ಗೆರೆ ಎಳೆದಳು.

ಗುಣಕಗಳ ಅರ್ಥ

ಈ 20 ಮತ್ತು 10ನ್ನು ಹುಡುಕುವುದೇ ಇನ್ನೊಂದು ಲೆಕ್ಕ. ನೆರೆಮನೆಯವರು ಬಂದು, “ನಿಮ್ಮ ಹಾಳೆಯನ್ನೆಲ್ಲ ನಮಗೆ ಕೊಡಿ, ಯಂತ್ರವನ್ನೂ ಬಾಡಿಗೆಗೆ ಕೊಡಿ” ಎನ್ನುತ್ತಾರೆ ಎಂದುಕೊಳ್ಳೋಣ. ಹೊರೆಗೆ ‘ಹ’ ರೂಪಾಯಿ, ಗಂಟೆಗೆ ‘ಗ’ ರೂಪಾಯಿ. ತಟ್ಟೆ ಮಾಡಿದರೆ ಸಿಗುವುದಕ್ಕಿಂತ ಕಡಿಮೆಯಾದರೆ ಮನೆಯವರು ಒಪ್ಪರು: 2ಹ + ಗ ≥ 50. ಬಟ್ಟಲಿಗೂ ಹಾಗೆಯೇ: ಹ + 2ಗ ≥ 40. ನೆರೆಯವರಿಗೆ ಬೇಕಾದದ್ದು 10ಹ + 8ಗ ಆದಷ್ಟು ಕಡಿಮೆಯಾಗುವುದು. ಉತ್ತರ: ಹ = 20, ಗ = 10; ಒಟ್ಟು 280.

ಮನೆಯವರ ಗರಿಷ್ಠವೂ ನೆರೆಯವರ ಕನಿಷ್ಠವೂ ಒಂದೇ ಸಂಖ್ಯೆ. ಈ ಜೋಡಿ ಲೆಕ್ಕದ ತತ್ತ್ವವೇ ಡ್ಯುಯಾಲಿಟಿ.

ಅಡಿಕೆಯ ಹಳದಿ ಎಲೆ ರೋಗದಿಂದ ಸುಳ್ಯ ತಾಲ್ಲೂಕಿನ ಈ ಭಾಗದ ತೋಟಗಳು ತುಂಬಾ ನಲುಗಿವೆ. ಹಾಗಾಗಿ ಹುಡುಗನೊಬ್ಬ “ಹಾಳೆ ಕಮ್ಮಿಯಾದರೆ?” ಎಂದದ್ದು ಸಹಜವಾಗಿತ್ತು. ಹಾಳೆ 9 ಹೊರೆಗೆ ಇಳಿದರೆ ಲಾಭ 260. 11ಕ್ಕೆ ಏರಿದರೆ 300. ಪ್ರತಿ ಹೊರೆಗೂ ಸರಿಯಾಗಿ 20 ರೂಪಾಯಿ ವ್ಯತ್ಯಾಸ. (ಇಲ್ಲಿ ಕಟ್ಟುಗಳು ಭಿನ್ನರಾಶಿಯಲ್ಲಿ ಬರುತ್ತವೆ, ಅರೆಬರೆ ಕಟ್ಟನ್ನು ಮರುದಿನ ಮುಗಿಸಬಹುದು ಎಂದು ಒಪ್ಪಿಕೊಂಡೆವು.) ಆದರೆ ಹಾಳೆ 20 ಹೊರೆ ಇದ್ದರೆ ಯಂತ್ರದ ಸಮಯ ಸಾಲದೆ 4 ಹೊರೆ ಉಳಿದುಬಿಡುತ್ತದೆ. ಆಗ ಇನ್ನೊಂದು ಹೊರೆಯ ಬೆಲೆ ಸೊನ್ನೆ. ವಸ್ತುವಿನ ಬೆಲೆ ಅದರ ಕೊರತೆಯಲ್ಲಿದೆ ಎಂಬುದನ್ನು ಮಕ್ಕಳು ಲೆಕ್ಕದಲ್ಲೇ ಕಂಡರು.

ಸಂಶೋಧನೆಯ ದಾರಿ

ಇಂಥ ಲೆಕ್ಕಗಳಿಗೆ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದ ಜಾರ್ಜ್ ಡಾಂಟ್ಜಿಗ್ 1947ರ ಅಕ್ಟೋಬರ್ 3ರಂದು ಪ್ರಿನ್ಸ್‌ಟನ್‌ನಲ್ಲಿ ಜಾನ್ ವಾನ್ ನಾಯ್ಮನ್‌ರನ್ನು ಭೇಟಿಯಾದರು. ಆಟಗಳ ಗಣಿತದಲ್ಲಿ ದುಡಿದಿದ್ದ ನಾಯ್ಮನ್, ಈ ಲೆಕ್ಕದ ಹಿಂದೆ ಜೋಡಿ ಲೆಕ್ಕವೊಂದು ಇದೆಯೆಂದು ಅಲ್ಲೇ ವಿವರಿಸಿದರು. 1951ರಲ್ಲಿ ಗೇಲ್, ಕೂನ್, ಟಕರ್ ಇದರ ಸಾಧನೆಯನ್ನು ಪ್ರಕಟಿಸಿದರು.

ಸರಳರೇಖೆಗಳಾಚೆ ಇದನ್ನು ಒಯ್ದವರಲ್ಲಿ ಮುಖ್ಯರು ವೆರ್ನರ್ ಫೆಂಚೆಲ್ ಮತ್ತು ಟೈರೆಲ್ ರಾಕಫೆಲ್ಲರ್. ಒಂದು ಪ್ರದೇಶದೊಳಗಿನ ಯಾವುದೇ ಎರಡು ಬಿಂದುಗಳ ನಡುವೆ ಹಗ್ಗ ಎಳೆದರೆ ಹಗ್ಗ ಒಳಗೇ ಉಳಿಯುವುದಾದರೆ ಅದು ಪೀನ ಪ್ರದೇಶ. ಬಟ್ಟಲಿನಂಥ ಪೀನ ವಕ್ರವನ್ನು ಅದರ ಮೇಲಿನ ಬಿಂದುಗಳಿಂದ ವರ್ಣಿಸಬಹುದು. ಅದನ್ನು ಕೆಳಗಿನಿಂದ ಮುಟ್ಟುವ ರೇಖೆಗಳಿಂದಲೂ ವರ್ಣಿಸಬಹುದು. 1949ರಲ್ಲಿ ಫೆಂಚೆಲ್ ಈ ಎರಡು ವರ್ಣನೆಗಳ ನಂಟನ್ನು ನಿಖರಗೊಳಿಸಿದರು. ರಾಕಫೆಲ್ಲರ್ ಅದರ ಮೇಲೆ ಡ್ಯುಯಾಲಿಟಿಯ ಪೂರ್ಣ ಸಿದ್ಧಾಂತವನ್ನೇ ಕಟ್ಟಿದರು. 1970ರ ಅವರ ‘ಕಾನ್ವೆಕ್ಸ್ ಅನಾಲಿಸಿಸ್’ ಗ್ರಂಥ ಫೆಂಚೆಲ್‌ರಿಗೇ ಅರ್ಪಿತವಾಗಿದೆ. ಪೀನ ಲೆಕ್ಕಗಳಲ್ಲಿ, ಕೆಲವು ಸಾಮಾನ್ಯ ಷರತ್ತುಗಳಿದ್ದರೆ, ಗರಿಷ್ಠಕ್ಕೂ ಜೋಡಿಯ ಕನಿಷ್ಠಕ್ಕೂ ನಡುವೆ ಅಂತರ ಉಳಿಯುವುದಿಲ್ಲ. ಪೀನತೆ ತಪ್ಪಿದರೆ, ಉದಾಹರಣೆಗೆ ಪೂರ್ಣಾಂಕಗಳೇ ಬೇಕೆಂದರೆ, ಅಂತರ ಉಳಿಯಬಹುದು.

ಪ್ರಶಿಕ್ಷಣಾರ್ಥಿಗಳಿಗೆ

ಹತ್ತನೇ ತರಗತಿಗೆ ಡ್ಯುಯಾಲಿಟಿ ಎಂಬ ಹೆಸರು ಬೇಕಿಲ್ಲ, ನಾನೂ ಹೇಳಲಿಲ್ಲ. ಗುಣಿಸಿ ಕೂಡುವ ಮೂರು ಸಾಲು ಸಾಕು. ಮಿತಿ 400ರಿಂದ 360ಕ್ಕೆ, 280ಕ್ಕೆ ಇಳಿಯುವುದನ್ನು ಮಕ್ಕಳೇ ಮಾಡಲಿ. ಗುಣಕಗಳನ್ನು ನಾವೇ ಮೊದಲು ಹೇಳಿಬಿಟ್ಟರೆ ಅದೂ ಮತ್ತೊಂದು ನಿಯಮವಾಗುತ್ತದೆ. ಈಗ ನನ್ನ ಪಾಠಯೋಜನೆಯಲ್ಲಿ ಉತ್ತರದ ಹೆಜ್ಜೆಯ ಕೆಳಗೆ ಇನ್ನೊಂದು ಸಾಲು ಇರುತ್ತದೆ: ‘ಇದೇ ಸರಿ ಎಂದು ಮಗು ಹೇಗೆ ಪರೀಕ್ಷಿಸುತ್ತದೆ?’