ಅರ್ಧ ಕೋರ್ ಬಂದ್ ಮಾಡಿದರೆ ಸರ್ವರ್ ಓಡುತ್ತದೆಯೇ?

"ನಾಲ್ಕ್ ಬಂದ್ ಮಾಡ್ರೆ ಉಳ್ದದ್ ಜೋರ್ ಓಡತ್ ಕಾಣಿ" ಎಂದ ಹುಡುಗ. ಕುಂದಾಪುರ ಪೇಟೆಯ ಸಹಕಾರ ಸಂಘವೊಂದರ ಮಹಡಿಯ ಕೋಣೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಶಾಖೆಗಳ ಲೆಕ್ಕವೆಲ್ಲ ಅಲ್ಲಿನ ಒಂದು ಸೆಕೆಂಡ್ ಹ್ಯಾಂಡ್ ಸರ್ವರ್‌ನಲ್ಲಿ. ಒಳಗೆ ಇಂಟೆಲ್‌ನ ಝಿಯಾನ್ ಇ5-2690: 2012ರ ಚಿಪ್, 8 ಕೋರ್, 2.9 ಗಿಗಾಹರ್ಟ್ಸ್, ಟರ್ಬೊದಲ್ಲಿ 3.8ರವರೆಗೆ.

ಅವನ ತರ್ಕ ಸುಳ್ಳೇನಲ್ಲ. ಆ ಚಿಪ್ಪಿಗೆ 135 ವ್ಯಾಟ್‌ಗಳ ಮಿತಿಯಿದೆ. ದುಡಿಯುವ ಕೋರ್‌ಗಳು ಕಡಿಮೆಯಾದಷ್ಟೂ ಉಳಿದವಕ್ಕೆ ವೇಗ ಏರಿಸಿಕೊಳ್ಳಲು ಅವಕಾಶ ಹೆಚ್ಚು. ನನಗೆ ಮಾತ್ರ ಗುಮಾನಿ. ಭಾನುವಾರ, ಕೌಂಟರ್ ಬಂದ್. ಬಯೋಸ್‌ಗೆ ಹೋಗಿ ನಾಲ್ಕು ಕೋರ್ ಮುಚ್ಚಿ, ಬಡ್ಡಿ ಲೆಕ್ಕ ಹಾಕಿಸಿದೆವು. ಮೊದಲು ಹಿಡಿದಷ್ಟೇ ಹೊತ್ತು ಹಿಡಿಯಿತು! ಎಲ್ಲ ಶಾಖೆಗಳ ವರದಿಯನ್ನೂ ಒಟ್ಟಿಗೆ ಕೇಳಿದಾಗಲಂತೂ ಯಂತ್ರ ಏದುಸಿರು ಬಿಟ್ಟಿತು.

ಕಾರಣ ಸರಳ. ಬಡ್ಡಿ ಲೆಕ್ಕದ ಆ ಪ್ರೋಗ್ರಾಮಿಗೆ ಬೇಕಾದದ್ದು ಒಂದೇ ಕೋರ್. ಮಿಕ್ಕವು ಕೆಲಸವಿಲ್ಲದೆ ಆಗಲೇ ಗಾಢ ನಿದ್ರೆಯಲ್ಲಿದ್ದವು. ಅವು ಬಿಟ್ಟುಕೊಟ್ಟ ವಿದ್ಯುತ್ತಿನಲ್ಲಿ ಟರ್ಬೊ ಆಗಲೇ ಏರಿತ್ತು. ಮಲಗಿದ್ದವನನ್ನು ಮನೆಯಿಂದ ಹೊರಹಾಕಿ ಉಳಿಸಿದ್ದೇನು?

ಹಾಗಾದರೆ ಕೋರ್ ಮುಚ್ಚುವುದು ಹುಚ್ಚೇ? ಅಲ್ಲ, ತಯಾರಕರೇ ಮುಚ್ಚಿ ಮಾರುತ್ತಾರೆ. ನನಗೆ ಅಚ್ಚುಮೆಚ್ಚಿನದು ಎಎಂಡಿಯ 2021ರ ಎಪಿಕ್ 72ಎಫ್3. ಅದರಲ್ಲಿ 8 ಚಿಪ್ಲೆಟ್, ಪ್ರತಿಯೊಂದರಲ್ಲೂ 8 ಕೋರ್‌ಗೆ ಜಾಗ. ಆದರೆ ಜೀವಂತ ಇರುವುದು ಒಂದೊಂದೇ! 56 ಕೋರ್ ಸತ್ತರೂ 256 ಎಂಬಿ ಎಲ್3 ಕ್ಯಾಶ್ ಪೂರ್ತಿ ಉಳಿದಿದೆ. ಅದೇ ಪೀಳಿಗೆಯ 64 ಕೋರ್‌ನ 7763ರಲ್ಲಿ ತಲಾ 4 ಎಂಬಿ ಬಂದರೆ ಇಲ್ಲಿ ತಲಾ 32. ಮೂಲ ವೇಗ ಅಲ್ಲಿ 2.45 ಗಿಗಾಹರ್ಟ್ಸ್, ಇಲ್ಲಿ 3.7. ಮೆಮೊರಿಯ ಎಂಟು ಚಾನೆಲ್‌ಗಳೂ ಎಂಟೇ ಕೋರ್‌ಗಳ ಪಾಲು. ಇಂಥ ದುಂದಿಗೆ ಗಿರಾಕಿ ಯಾರು? ಕೋರ್ ಎಣಿಸಿ ಲೈಸೆನ್ಸ್ ಹಣ ಕಟ್ಟುವವರು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2012ರ ಆವೃತ್ತಿಯಿಂದ ಕೋರ್ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ, ಪ್ರೊಸೆಸರ್‌ಗೆ ಕನಿಷ್ಠ ನಾಲ್ಕು. ಅಲ್ಲಿ ಕೋರ್ ಕಡಿಮೆಯಿದ್ದು, ಒಂದೊಂದೂ ಬಲಿಷ್ಠವಾಗಿದ್ದರೆ ಲಾಭ.

ಈ ಕತೆಯಲ್ಲಿ ನಮ್ಮ ಪಾಲೂ ಇದೆ. 2008ರ ಸೆಪ್ಟೆಂಬರ್‌ನಲ್ಲಿ ಬಂದ ಇಂಟೆಲ್‌ನ ಆರು ಕೋರ್‌ನ ಝಿಯಾನ್ 7400, ಅಂದರೆ 'ಡನ್ನಿಂಗ್ಟನ್', ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. 45 ನ್ಯಾನೊಮೀಟರ್, ಸುಮಾರು 190 ಕೋಟಿ ಟ್ರಾನ್ಸಿಸ್ಟರ್. ಅದೇ ಸರಣಿಯಲ್ಲಿ ನಾಲ್ಕು ಕೋರ್‌ನ ಮಾದರಿಗಳೂ ಇದ್ದವು. ಆದರೆ ಅದಕ್ಕೆ ಟರ್ಬೊ ಇರಲಿಲ್ಲ. ಆ ಸೌಲಭ್ಯ ಝಿಯಾನ್ ಸರ್ವರ್‌ಗಳಿಗೆ ಬಂದದ್ದು 2009ರ 5500 ಸರಣಿಯಲ್ಲಿ. ಹಾಗಾಗಿ ಡನ್ನಿಂಗ್ಟನ್‌ನಲ್ಲಿ ಕೋರ್ ಮುಚ್ಚಿದರೆ ಉಳಿದವುಗಳ ಗಡಿಯಾರ ಏರುತ್ತಿರಲಿಲ್ಲ.

ಹುಡುಗ ಸೋಮವಾರ ಕೌಂಟರ್ ತೆರೆಯುವ ಮುನ್ನವೇ ಎಂಟೂ ಕೋರ್ ಮತ್ತೆ ತೆರೆದ. ನಿಮ್ಮ ಕಚೇರಿಯಲ್ಲೂ ಇಂಥ ಸರ್ವರ್ ಇದ್ದರೆ ಮೊದಲು ಲೈಸೆನ್ಸ್ ಕರಾರು ಓದಿ; ಬಯೋಸ್‌ನಲ್ಲಿ ಮುಚ್ಚಿದ ಕೋರನ್ನು ಎಲ್ಲ ಕಂಪನಿಗಳೂ ಲೆಕ್ಕದಿಂದ ಬಿಡುವುದಿಲ್ಲ. ಬರೀ ವೇಗಕ್ಕಾಗಿಯಾದರೆ, ನಿಮ್ಮದೇ ಕೆಲಸ ಓಡಿಸಿ ಅಳೆಯದೆ ಒಂದು ಕೋರನ್ನೂ ಮುಚ್ಚಬೇಡಿ.